ಫಾರ್ಮ್ಯಾಟ್ ಮಾಡೋ ಮಹಾಶಯರೇ, ಸ್ವಲ್ಪ ನಿಲ್ಲಿ!

ಲಿನಕ್ಸಿನಲ್ಲಿ ಏನೇ ಕೆಡಲಿ, ನಮ್ಮ ಬಳ್ಳಾರಿಯಲ್ಲಿ ಅದಕ್ಕೆ ಒಂದೇ ಮದ್ದು.. ಫಾರ್ಮ್ಯಾಟ್! ಇಲಿ ಬಂತು ಅಂತ ಮನೆಯನ್ನೇ ಕೆಡವೋ ಬುದ್ಧಿ ಇದು.

ಮೊನ್ನೆ ಸಿರುಗುಪ್ಪದಿಂದ ಅಕ್ಕನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಉಬುಂಟು 22.04. ಪ್ರಾಜೆಕ್ಟಿಗೆ ಬೇಕಾದ ವಿಡಿಯೊ ಲೈಬ್ರರಿಯ ಡೆವ್ ಪ್ಯಾಕೇಜ್ ಹಾಕಲು ಹೋದರೆ 'ಹೆಲ್ಡ್ ಬ್ರೋಕನ್ ಪ್ಯಾಕೇಜಸ್' ಅಂತ ಬೈಯುತ್ತಿತ್ತು. "ಮಾಮಾ, ಅಂಗಡಿಯವ್ರು ಎಲ್ಲಾ ಅಳಿಸ್ಬೇಕು ಅಂದ್ರು" ಅಂದ. ಆರು ತಿಂಗಳ ಕೆಲಸ ಅದರಲ್ಲೇ ಇತ್ತು, ಬ್ಯಾಕಪ್ ಇಲ್ಲ!

ಆ ಬೈಗುಳದ ಮೇಲಿನ ಸಾಲನ್ನು ಯಾರೂ ಓದಿರಲಿಲ್ಲ ಕಣ್ರೀ. ಡೆವ್ ಪ್ಯಾಕೇಜಿಗೆ ಲೈಬ್ರರಿಯ ಅದೇ ಆವೃತ್ತಿ ಬೇಕು, ಇಲ್ಲಿರೋದು ಅದಕ್ಕಿಂತ ಹೊಸದು ಅಂತ ಸ್ಪಷ್ಟವಾಗಿ ಬರೆದಿತ್ತು. 'ಆಪ್ಟ್ ಪಾಲಿಸಿ' ಕೊಟ್ಟು ನೋಡಿದೆ. ಇದ್ದ ಆವೃತ್ತಿಗೆ ಯಾವ ಭಂಡಾರದ ವಿಳಾಸವೂ ಇಲ್ಲ. ಆಮೇಲೆ ಹುಡುಗ ಬಾಯಿಬಿಟ್ಟ. ಯಾವುದೋ ಪಿಪಿಎ ಸೇರಿಸಿ ಅಪ್‌ಗ್ರೇಡ್ ಮಾಡಿದ್ದನಂತೆ, ಆಮೇಲೆ ಹೆದರಿ ಪಿಪಿಎ ತೆಗೆದನಂತೆ. ಸಿರುಗುಪ್ಪದವನಿಗೆ ಭತ್ತದ ಲೆಕ್ಕದಲ್ಲೇ ಹೇಳಿದೆ: ಬೇರೆ ತಳಿಯ ಬೀಜದ ಚೀಲ ಎಸೆದರೆ ಗದ್ದೆಯಲ್ಲಿರೋ ಪೈರು ಹೋಗತ್ತೇನೋ?

ಆ ಲೈಬ್ರರಿಯನ್ನೂ ಅದರ ಜೊತೆಗಾರರನ್ನೂ ಉಬುಂಟುವಿನದೇ ಆವೃತ್ತಿ ಸಂಖ್ಯೆ ಕೊಟ್ಟು ಒಟ್ಟಿಗೆ ಹಿಂದಕ್ಕೆ ಇಳಿಸಿದೆವು. ಮೊದಲು ಮೈನಸ್ ಎಸ್ ಹಾಕಿ, ಏನೇನು ಹೋಗತ್ತೆ ಅಂತ ಬರೀ ನೋಡಿದ್ದು. ಅರ್ಧ ಗಂಟೆ, ಅಷ್ಟೇ.

ಫಾರ್ಮ್ಯಾಟ್ ಬೇಗ ಆಗತ್ತೆ ಅಂತೀರಾ? 5 ಜಿಬಿ ಮೀರಿದ ಐಎಸ್ಒ ಯಾರ ಡೇಟಾದಲ್ಲಿ ಇಳಿಸ್ತೀರಿ? ಮತ್ತೆ ಅದೇ ಪಿಪಿಎ ಸೇರಿಸಿದ್ರೆ ಅದೇ ರೋಗ!

ಇನ್ನೊಂದು ಪಂಗಡ ಇದೆ, 'ಫೋರ್ಸ್' ಪಂಗಡ. ಇವರು ಇನ್ನೂ ಅಪಾಯ. 2021ರಲ್ಲಿ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕಲು ಹೋದಾಗ, ಡೆಸ್ಕ್‌ಟಾಪೇ ಹೋಗತ್ತೆ ಅಂತ ಆಪ್ಟ್ ಪಟ್ಟಿ ಕೊಟ್ಟು ಎಚ್ಚರಿಸಿತ್ತು. ಆತ 'ಯೆಸ್, ಡು ಆ್ಯಸ್ ಐ ಸೇ!' ಅಂತ ಟೈಪ್ ಮಾಡಿದ, ಡೆಸ್ಕ್‌ಟಾಪ್ ಹೋಯ್ತು. ಪ್ಯಾಕೇಜಿನಲ್ಲೇ ದೋಷವಿತ್ತು ನಿಜ, ಅದಾದ ಮೇಲೆ ಆಪ್ಟ್ ಕೂಡ ಬಿಗಿಯಾಯ್ತು. ಆದರೆ ಓದದ ಬೆರಳಿಗೆ ಏನು ಮಾಡೋಣ ಸ್ವಾಮಿ?

ಅಂದಹಾಗೆ ಕುರುಗೋಡಿನ ಗೆಳೆಯನದೂ ಇದೇ ಗೋಳು. ಭಾನುವಾರ ಬರ್ತಾನೆ. ಏನನ್ನೂ ಅಳಿಸದೆ, ಹೇಗಿದೆಯೋ ಹಾಗೇ ತಗೊಂಡು ಬಾ ಅಂದಿದ್ದೀನಿ.