ಶಿಬಿರದ ಅಕ್ಕನಿಗೆ ಬೇಕಾದ ಭಾಷೆ

ಕನ್ನಡ ಮಾಧ್ಯಮದಲ್ಲಿ ಓದಿದವರು ನಾಳೆ ಹೊರದೇಶಕ್ಕೆ ಹೋಗುವುದು ಹೇಗೆ? ಮಕ್ಕಳನ್ನು ಶಾಲೆಗೆ ಸೇರಿಸುವ ದಿನಗಳಲ್ಲಿ ಹೆತ್ತವರಾದ ನೀವು ಕೇಳುವ ಈ ಪ್ರಶ್ನೆಗೆ ಭಾಷಾಭಿಮಾನದ ಭಾಷಣ ಉತ್ತರವಾಗುವುದಿಲ್ಲ. ಹೊರದೇಶದ ಕೆಲಸವೊಂದನ್ನೇ ಎತ್ತಿಕೊಂಡು ನೋಡೋಣ.

ಅಮೆರಿಕದಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ. ಆಗ ಲಕ್ಷಗಟ್ಟಲೆ ಮಕ್ಕಳು ಕಾಡಿನಂಚಿನ, ಸರೋವರದ ದಡದ ಶಿಬಿರಗಳಿಗೆ ಹೋಗುತ್ತಾರೆ. ಅಲ್ಲಿ ಅವರನ್ನು ನೋಡಿಕೊಳ್ಳುವವರಿಗೆ ಕೌನ್ಸೆಲರ್ ಎಂದು ಹೆಸರು. ನಮ್ಮಲ್ಲಿ ಈ ಪದಕ್ಕೆ ಮನಸ್ಸಿನ ತೊಂದರೆಗೆ ಸಲಹೆ ಕೊಡುವವರು ಎಂಬ ಅರ್ಥ. ಅಲ್ಲಿ ಅವರು ಶಿಬಿರದ ಅಣ್ಣ, ಅಕ್ಕ. ಬೆಳಗ್ಗೆ ಎಬ್ಬಿಸುವುದು, ಆಟವಾಡಿಸುವುದು, ಮನೆ ನೆನಪಾಗಿ ಅಳುವ ಮಗುವಿನ ಪಕ್ಕ ರಾತ್ರಿ ಕುಳಿತಿರುವುದು ಅವರ ಕೆಲಸ. ಕಾಲೇಜು ವಿದ್ಯಾರ್ಥಿಗಳೇ ಹೆಚ್ಚು. ಹೊರದೇಶದವರಿಗೆ ಜೆ-1 ವೀಸಾದಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆ. 18 ವರ್ಷ ತುಂಬಿರಬೇಕು, ಇಂಗ್ಲಿಷ್ ಬರಬೇಕು, ಹೆಚ್ಚೆಂದರೆ 4 ತಿಂಗಳು ಇರಬಹುದು. ಈ ವಿಭಾಗದಲ್ಲಿ ಹೋದವರನ್ನು ಅಡುಗೆಗೆ, ಪಾತ್ರೆ ತೊಳೆಯಲು ನೇಮಿಸುವಂತಿಲ್ಲ.

ಇವುಗಳಲ್ಲಿ ಒಂದು ಬಗೆಯ ಶಿಬಿರವನ್ನು ನಾವು ಗಮನಿಸಬೇಕು. ಮಿನ್ನೆಸೋಟ ರಾಜ್ಯದ ಕಾಂಕಾರ್ಡಿಯಾ ಕಾಲೇಜು 1961ರಲ್ಲಿ ಜರ್ಮನ್ ಕಲಿಸಲು ಮಕ್ಕಳ ಬೇಸಿಗೆ ಶಿಬಿರ ಆರಂಭಿಸಿತು. ಅದೇ ಬೆಳೆದು ಇಂದು ಹನ್ನೆರಡಕ್ಕೂ ಹೆಚ್ಚು ಭಾಷೆಗಳ 'ಭಾಷಾ ಗ್ರಾಮ'ಗಳಾಗಿವೆ. ಮಗು ಆಟದ ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗುತ್ತದೆ, ಆ ಭಾಷೆಯ ಹೊಸ ಹೆಸರು ಆರಿಸಿಕೊಳ್ಳುತ್ತದೆ. ಊಟಕ್ಕೆ ಮೊದಲು ಕೌನ್ಸೆಲರ್‌ಗಳು ಪುಟ್ಟ ಪ್ರಹಸನವಾಡಿ ಇಂದಿನ ಊಟ ಏನು, ಅದನ್ನು ಕೇಳಿ ಪಡೆಯುವುದು ಹೇಗೆ ಎಂದು ತೋರಿಸುತ್ತಾರೆ. ಉಪ್ಪು ಬೇಕಾದರೂ ಆ ಭಾಷೆಯಲ್ಲೇ ಕೇಳಬೇಕು. ವ್ಯಾಕರಣ ಪುಸ್ತಕಕ್ಕಿಂತ ಹಸಿವು ಬೇಗ ಕಲಿಸುತ್ತದೆ ಅನ್ನಿ.

ಆ ಕೌನ್ಸೆಲರ್‌ಗಳಲ್ಲಿ ಅನೇಕರು ಆಯಾ ಭಾಷೆಯ ದೇಶದಿಂದಲೇ ಬಂದವರು. ಫಿನ್ನಿಷ್ ಗ್ರಾಮಕ್ಕೆ ಫಿನ್ನಿಷ್ ಮನೆಮಾತಿನವರು ಬೇಕು. ಫಿನ್‌ಲೆಂಡಿನ ಇಡೀ ಜನಸಂಖ್ಯೆ ಬೆಂಗಳೂರಿನಷ್ಟೂ ಇಲ್ಲ. ಆದರೂ ಆ ಭಾಷೆಯಲ್ಲೇ ಓದಿ ಬೆಳೆದ ಹುಡುಗಿಗೆ ಅಲ್ಲಿ ಅದೇ ಅರ್ಹತೆ.

ಅಲ್ಲಿ ನಾರ್ವೇಜಿಯನ್ ಗ್ರಾಮವೂ ಇದೆ. ಕಾಂಕಾರ್ಡಿಯಾ ಕಾಲೇಜನ್ನು 1891ರಲ್ಲಿ ಕಟ್ಟಿದವರು ನಾರ್ವೆಯಿಂದ ವಲಸೆ ಬಂದವರು. ಮನೆಯಲ್ಲಿ, ಚರ್ಚಿನಲ್ಲಿ ಅವರದೇ ಭಾಷೆ ಇತ್ತು. ಶಾಲೆ ಇಂಗ್ಲಿಷಿನದಾಯಿತು, ಮೊದಲ ಮಹಾಯುದ್ಧದ ಕಾಲದ ಒತ್ತಡವೂ ಸೇರಿತು. ಎರಡು ಮೂರು ತಲೆಮಾರಿನಲ್ಲಿ ಮನೆಗಳಿಂದಲೇ ಆ ಭಾಷೆ ಮರೆಯಾಯಿತು. ಈಗ ಅಜ್ಜಿಯ ಮಾತನ್ನು ಮೊಮ್ಮಕ್ಕಳ ಮಕ್ಕಳು ಶುಲ್ಕ ಕಟ್ಟಿ, ಕೌನ್ಸೆಲರ್ ಬಾಯಿಯಿಂದ ಕಲಿಯುತ್ತಾರೆ. ಕಾಸರಗೋಡು, ತಾಳವಾಡಿ, ಅಕ್ಕಲಕೋಟೆಯ ಮನೆಗಳಲ್ಲಿ ಕುಳಿತು ಇದನ್ನು ಓದುವಾಗ ನನಗೆ ಆಗುವ ದಿಗಿಲು ನಿಮಗೂ ಆದೀತು.

ಕನ್ನಡ ಬಂದರೆ ಅಮೆರಿಕದ ಟಿಕೆಟ್ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ಉಳಿದ ಶಿಬಿರಗಳಿಗೆ ಇಂಗ್ಲಿಷ್ ಬೇಕೇ ಬೇಕು, ಸಂದರ್ಶನವೂ ಅದರಲ್ಲೇ. ಆದ್ದರಿಂದ ನಮ್ಮ ಶಾಲೆಗಳಲ್ಲಿ ಇಂಗ್ಲಿಷನ್ನು ಮಾತಾಡಿಸಿ ಕಲಿಸಿ ಎಂದು ಒತ್ತಾಯಿಸುವ ಹಕ್ಕು ನಿಮಗಿದೆ. ಹತ್ತು ವರ್ಷ ಪಾಠ ಮಾಡಿಯೂ ಮಗು ನಾಲ್ಕು ವಾಕ್ಯ ಆಡದಿದ್ದರೆ ಅದು ಕಲಿಸಿದವರ ದೋಷ, ಮಾಧ್ಯಮದ್ದಲ್ಲ. ಫಿನ್‌ಲೆಂಡಿನ ಹುಡುಗಿಯೂ ಇಂಗ್ಲಿಷನ್ನು ಒಂದು ವಿಷಯವಾಗಿಯೇ ಕಲಿತವಳು.

ಇಂಗ್ಲಿಷ್ ಒಂದೇ ಸಾಲದು ಎಂಬುದೂ ಅಷ್ಟೇ ನಿಜ. ಬೇರೆ ಮಾತಿನ ಮಗುವನ್ನು ಹೆದರಿಸದೆ ಆಟಕ್ಕೆ ಸೇರಿಸಿಕೊಳ್ಳುವುದು, ಹಾಡು ಹೇಳಿಕೊಡುವುದು, ಅರ್ಥವಾಗದಿದ್ದರೆ ಇನ್ನೊಂದು ಬಗೆಯಲ್ಲಿ ಹೇಳುವುದು ಕೌನ್ಸೆಲರ್‌ಗೆ ಗೊತ್ತಿರಬೇಕು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡುವ ನಿಮ್ಮ ಮಗಳು ದಿನವೂ ಇದನ್ನೇ ಮಾಡುತ್ತಾಳೆ. ಅದನ್ನು ಗೊಂದಲ ಎಂದು ಕರೆದವರು ನಾವು.

ಕಾಲೇಜಿನಲ್ಲಿರುವ ಮಕ್ಕಳು ಹೊರಡುವೆವೆಂದರೆ ಒಂದೆರಡು ಎಚ್ಚರಿಕೆ. ಕಳಿಸುವ ಸಂಸ್ಥೆಗೆ ಅಮೆರಿಕದ ವಿದೇಶಾಂಗ ಇಲಾಖೆಯ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಹಣ. ಅಲ್ಲಿ ಶಿಬಿರ ನಡೆಯುವ ಹೊತ್ತಿಗೆ ಇಲ್ಲಿ ತರಗತಿಗಳು ಶುರುವಾಗಿರುತ್ತವೆ, ಹಾಜರಾತಿಯ ಲೆಕ್ಕವನ್ನೂ ಹಾಕಿ.

ಎಂಟು ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದು ಇನ್ನೂ ದೂರದ ಮಾತು. ಅಭ್ಯಾಸ ಮಾತ್ರ ಇಲ್ಲೇ ಆಗಬಹುದು. ನಮ್ಮ ಶಾಲೆಗಳ ಬೇಸಿಗೆ ಶಿಬಿರಗಳಲ್ಲಿ ದೊಡ್ಡವರು ಬಂದು ಭಾಷಣ ಮಾಡಿ ಹೋಗುತ್ತಾರೆ, ಮಕ್ಕಳು ಸಾಲಾಗಿ ಕುಳಿತು ಕೇಳುತ್ತಾರೆ. ಬರುವ ಏಪ್ರಿಲ್‌ನಲ್ಲಿ ಒಂಬತ್ತನೆಯ ತರಗತಿಯ ಒಬ್ಬಳಿಗೆ ಮೂರನೆಯ ತರಗತಿಯ ಹತ್ತು ಮಕ್ಕಳನ್ನು ಒಪ್ಪಿಸಲು ರಕ್ಷಕ-ಶಿಕ್ಷಕ ಸಂಘದಲ್ಲಿ ಕೇಳಿ. ಐದು ದಿನ ಅವಳೇ ಆಡಿಸಲಿ, ಹಾಡಿಸಲಿ, ಜಗಳ ಬಿಡಿಸಲಿ. ಆ ಐದು ದಿನ ಅವಳನ್ನು ಮಧ್ಯಾಹ್ನದ ಟ್ಯೂಷನ್ನಿಗೆಂದು ಕರೆದುಕೊಂಡು ಹೋಗಬೇಡಿ.