ವರ್ಷವೆಲ್ಲ ಶುಕ್ರವಾರ

ಪರದೇಶಕ್ಕೆ ಹೊರಟ ಮಕ್ಕಳಿಗೆ ಚಟ್ನಿಪುಡಿ ಕಟ್ಟಿಕೊಡುವುದು ನಮ್ಮ ಮನೆಗಳ ವಾಡಿಕೆ. ಅಜ್ಜಿ ಕುಟ್ಟಿದ ಶೇಂಗಾ ಚಟ್ನಿಯ ಡಬ್ಬಿಯೊಡನೆ ನಾನು 2016ರ ಫೆಬ್ರವರಿಯಲ್ಲಿ ಭಾಷೆ ಕಲಿಯಲೆಂದು ಸ್ಪೇನ್ ದೇಶದ ಸೆವಿಲ್ಲೆ ನಗರಕ್ಕೆ ಹೋದೆ. ಅರವತ್ತು ದಾಟಿದ ತಾಯಿಯೊಬ್ಬರ ಮನೆಯಲ್ಲಿ ವಾಸ, ಅವರೊಡನೆಯೇ ಊಟ. ಅಲ್ಲಿ ದಿನದ ದೊಡ್ಡ ಊಟ ಮಧ್ಯಾಹ್ನ ಎರಡೂವರೆಗೆ, ರಾತ್ರಿಯದು ಒಂಬತ್ತರ ಮೇಲೆ. ಮೊದಲ ವಾರ ಹನ್ನೆರಡಕ್ಕೇ ನಾನು ಕದ್ದು ಡಬ್ಬಿ ತೆರೆಯುತ್ತಿದ್ದೆ!

ಮಾಂಸ ತಿನ್ನುವುದಿಲ್ಲವೆಂದು ಮೊದಲೇ ತಿಳಿಸಿದ್ದೆ. ಎರಡನೆಯ ದಿನ ಇಡಿ ಮಸೂರಕಾಳಿನ 'ಲೆಂತೇಖಾಸ್' ಬಡಿಸಿದರು. ಗಜ್ಜರಿ, ಆಲೂಗಡ್ಡೆ, ಬೆಳ್ಳುಳ್ಳಿ ಹಾಕಿ ಕುದಿಸಿದ ಗಟ್ಟಿ ಸಾರು. ಮನೆಯ ನೆನಪು ತರುವಂತಿತ್ತು. ನಾಲ್ಕು ತುತ್ತು ಉಂಡ ಮೇಲೆ ಚಮಚದಲ್ಲಿ ಕೆಂಪು ತುಣುಕೊಂದು ಬಂದಿತು. ವಿಚಾರಿಸಿದೆ.

"ಮಾಂಸವಲ್ಲ ಮಗಳೇ, ಚೊರೀಸೊ. ರುಚಿಗೆಂದು ಹಾಕಿದ್ದು."

ಚೊರೀಸೊ ಎಂದರೆ ಹಂದಿಮಾಂಸವನ್ನು ಮೆಣಸಿನ ಪುಡಿಯೊಡನೆ ತುಂಬಿ ಒಣಗಿಸಿದ ಸಾಸೇಜು. ಆ ತಾಯಿ ಸುಳ್ಳಾಡಿರಲಿಲ್ಲ. ಅಲ್ಲಿಯ ಎಷ್ಟೋ ಮನೆಗಳಲ್ಲಿ ಮಾಂಸವೆಂದರೆ ತಟ್ಟೆಗೆ ಬರುವ ತುಂಡು. ಸಾರಿನ ಚೊರೀಸೊ, ಉಪ್ಪು ಸವರಿ ಒಣಗಿಸಿದ ಹಂದಿತೊಡೆ 'ಖಮೋನ್' ಆ ಲೆಕ್ಕಕ್ಕೆ ಸೇರುವುದಿಲ್ಲ. ಮಕ್ಕಳನ್ನು ಕಳುಹಿಸುವ ತಾಯಂದಿರು ಇದನ್ನು ಗಮನಿಸಬೇಕು. ಎಲುಬಿನ ಸಾರು, ಮೀನು, ಆಲೂಗಡ್ಡೆಯ 'ತೊರ್ತೀಯಾ'ದೊಳಗಿನ ಮೊಟ್ಟೆ, ಪ್ರತಿಯೊಂದನ್ನೂ ಹೆಸರಿಟ್ಟೇ ಹೇಳಬೇಕು.

ತಟ್ಟೆಯಲ್ಲಿ ಪ್ರಸಾದ ಬಿಡಬಾರದೆಂದು ಕಲಿಸಿದವಳೂ ಅಜ್ಜಿ, ಮಾಂಸ ಮುಟ್ಟಬಾರದೆಂದು ಕಲಿಸಿದವಳೂ ಅಜ್ಜಿ. ನಾನು ತಟ್ಟೆ ಸರಿಸಿದೆ. ಅವರು ಏನೂ ಅನ್ನದೆ ಎತ್ತಿಕೊಂಡು ಹೋದರು. ಅಂದು ರಾತ್ರಿಯವರೆಗೆ ನಮ್ಮಿಬ್ಬರಲ್ಲಿ ಮಾತಿರಲಿಲ್ಲ.

ಅದು ಈಸ್ಟರಿಗೆ ಮುಂಚಿನ ವ್ರತದ ಕಾಲ. ಆಚಾರವಂತ ಕ್ಯಾಥೊಲಿಕರು ಆ ಅವಧಿಯ ಶುಕ್ರವಾರಗಳಂದು ಮಾಂಸ ವರ್ಜಿಸುತ್ತಾರೆ. ಶುಕ್ರವಾರ ಒಲೆಯ ಮುಂದೆ ನಿಂತಿದ್ದ ಅವರು ಫಕ್ಕನೆ ತಿರುಗಿ, "ಹಾಗಾದರೆ ನಿನಗೆ ವರ್ಷವೆಲ್ಲ ಶುಕ್ರವಾರವೇ?" ಎಂದರು.

"ಹೌದಮ್ಮಾ, ಮೀನೂ ಇಲ್ಲದ ಶುಕ್ರವಾರ."

ಅವರಿಗೆ ಈಗ ನಾನು ಅರ್ಥವಾದೆ. ಅಂದು ಮಾಡಿದ್ದು ಪಾಲಕ್ ಮತ್ತು ಕಾಬೂಲಿ ಕಡಲೆಯ ಪಲ್ಯ, ಸೆವಿಲ್ಲೆಯ ಹೆಸರಾಂತ ಅಡುಗೆ. ಆಲಿವ್ ಎಣ್ಣೆಯಲ್ಲಿ ಬ್ರೆಡ್ಡಿನ ಹೋಳು, ಬೆಳ್ಳುಳ್ಳಿ ಹುರಿದು, ಜೀರಿಗೆಯೊಡನೆ ಕುಟ್ಟಾಣಿಯಲ್ಲಿ ಅರೆದರು. ಪಾತ್ರೆ ಕೆಳಗಿಳಿಸಿ ಎಣ್ಣೆಗೆ 'ಪಿಮೆಂತೋನ್' ಎಂಬ ಕೆಂಪು ಮೆಣಸಿನ ಪುಡಿ ಬೆರೆಸಿದರು. ಉರಿಯ ಮೇಲಿದ್ದರೆ ಅದು ಸೀದು ಕಹಿಯಾಗುತ್ತದೆ. ಬೆಂದ ಕಡಲೆ, ಸೊಪ್ಪು, ತುಸು ವಿನಿಗರ್ ಸೇರಿಸಿ ಮತ್ತೆ ಕುದಿಸಿದರೆ ಆಯಿತು. ಮೆಣಸಿನಕಾಯಿ ಅವರಿಗೂ 1492ರ ಕೊಲಂಬಸನ ಯಾನದ ತರುವಾಯ ಅಮೆರಿಕದಿಂದ ಬಂದದ್ದು, ನಮಗೂ ಪೋರ್ಚುಗೀಸರ ಮೂಲಕ ಅಲ್ಲಿಂದಲೇ. ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ಉಂಡೆ. ಅವರು ಅದನ್ನೇ ನೋಡುತ್ತ ಕುಳಿತಿದ್ದರು.

ಅಂದಿನಿಂದ ಒಲೆಯ ಮೇಲೆ ನನಗೊಂದು ಬೇರೆ ಪಾತ್ರೆ ಏರಿತು. ಹೊರಡುವ ದಿನ ನನ್ನ ಖಾಲಿ ಚಟ್ನಿಡಬ್ಬಿಯಲ್ಲಿ ಪಿಮೆಂತೋನ್ ತುಂಬಿ ಕೊಟ್ಟರು. ಅಜ್ಜಿ ಅದನ್ನು ಮೂಸಿ, ಬಣ್ಣವಿದೆ, ಖಾರವಿಲ್ಲ ಎಂದಳು. ಆ ನಾಲ್ಕು ತುತ್ತುಗಳ ವಿಷಯ ನಾನು ಅವಳಿಗೆ ಹೇಳಲಿಲ್ಲ.