ದೀಪಸ್ತಂಭಕ್ಕೆ ಅನುದಾನ, ಎಣ್ಣೆಗೆ ಇಲ್ಲ

ಇಂಗ್ಲಿಷ್ ಎಂ.ಎ. ಓದುತ್ತಿದ್ದ ಕಾಲದಲ್ಲಿ ನಮಗೆ ಬೇಕಾದ ಪಠ್ಯಗಳೆಲ್ಲ ಕೋಠಿಯ ಹಳೆಯ ಪುಸ್ತಕದಂಗಡಿಗಳಲ್ಲಿ ಅರ್ಧ ಬೆಲೆಗೆ ದೊರೆತಿದ್ದವು. ಆ ಋಣ ಇನ್ನೂ ತೀರಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗುವ ದಿನಗಳಲ್ಲಿ ಈಗಲೂ ಮೊದಲು ಕೋಠಿಯಲ್ಲಿ ಇಳಿದು, ಆ ಅಂಗಡಿಗಳ ಮುಂದೆ ಅರ್ಧ ಗಂಟೆ ನಿಂತು, ಅನಂತರವೇ ಆಟೋ ಹಿಡಿಯುವುದು ನಮ್ಮ ರೂಢಿ. ಈಚೆಗೆ ಹೀಗೆ ಹಿಡಿದ ಆಟೋ ವಿದ್ಯುತ್ತಿನದಾಗಿತ್ತು. ಫೋನಿನಲ್ಲಿ ನಾವಾಡಿದ ಕನ್ನಡ ಕೇಳಿ ಚಾಲಕ ಹಿಂದಿರುಗಿ ನೋಡಿದ. ಬೀದರ ಕಡೆಯವನು. ಚಾರ್ಜ್ ಎಲ್ಲಿ ಮಾಡಿಸುತ್ತೀರಿ ಎಂದು ಕೇಳಿದೆವು.

“ಎಲ್ಲಿ ಹಾಕೋದ್ರಿ ಸರ್, ಮನಿ ಮುಂದ ಜಾಗಾನೇ ಇಲ್ಲ. ಗಲ್ಲಿದಾಗ ಒಬ್ಬರ ಅಂಗಡಿ ಅದ, ರಾತ್ರಿಗಿಷ್ಟು ಅಂತ ರೊಕ್ಕಾ ಕೊಟ್ಟು ಅಲ್ಲೇ ಹಾಕ್ತೀನಿ.”

“ಸಾರ್ವಜನಿಕ ಚಾರ್ಜಿಂಗ್ ಕೇಂದ್ರ ಹತ್ತಿರದಲ್ಲಿ ಇಲ್ಲವೇ?”

“ಅದಾವ್ರಿ. ಒಂದರಾಗ ಕರೆಂಟ್ ಇರಂಗಿಲ್ಲ, ಇನ್ನೊಂದು ಕಾರಿಗಷ್ಟೇ. ಬೋರ್ಡ್ ಮಾತ್ರ ಛಂದ ಅದಾವ.”

ಈ ಕೊನೆಯ ಮಾತು ನಮ್ಮನ್ನು ಚುಚ್ಚಿತು. ಏಕೆಂದರೆ ನಾವು ಕೇಂದ್ರ ಸರ್ಕಾರದ ನೌಕರರು. ಚಂದದ ಬೋರ್ಡು ಹೇಗೆ ಹುಟ್ಟುತ್ತದೆ, ಅದರ ಹಿಂದೆ ಕರೆಂಟು ಏಕೆ ಇರುವುದಿಲ್ಲ ಎಂಬುದನ್ನು ಕಡತದ ಈಚೆ ಬದಿಯಿಂದ ಬಲ್ಲವರು. ವಿದ್ಯುತ್ ವಾಹನಗಳಿಗೆ ಸಾರ್ವಜನಿಕ ಚಾರ್ಜಿಂಗ್ ಒದಗಿಸಲು ಸರ್ಕಾರ ಕೊಡುತ್ತಿರುವ ಅನುದಾನ ಕಡಿಮೆಯೆಂದು ನಾವು ದೂರುವುದಿಲ್ಲ. ಅದು ತಪ್ಪು ವಸ್ತುವಿಗೆ ಸಲ್ಲುತ್ತಿದೆ ಎಂಬುದು ನಮ್ಮ ತಕರಾರು.

ಮೊದಲು ಲೆಕ್ಕ. 2019ರ ಏಪ್ರಿಲ್‌ನಲ್ಲಿ ಆರಂಭವಾದ ಫೇಮ್ ಯೋಜನೆಯ ಎರಡನೆಯ ಹಂತದಲ್ಲಿ ಚಾರ್ಜಿಂಗ್ ವ್ಯವಸ್ಥೆಗೆಂದೇ 1,000 ಕೋಟಿ ರೂಪಾಯಿ ಮೀಸಲಾಗಿತ್ತು. ಆರಂಭದಲ್ಲಿ 68 ನಗರಗಳಿಗೆ 2,877 ಕೇಂದ್ರಗಳು ಮಂಜೂರಾದವು. 2023ರ ಮಾರ್ಚ್‌ನಲ್ಲಿ ಸಾರ್ವಜನಿಕ ವಲಯದ ಮೂರು ತೈಲ ಕಂಪನಿಗಳಿಗೆ 7,432 ವೇಗದ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿ ಮಂಜೂರಾಯಿತು; ಅದರಲ್ಲಿ 560 ಕೋಟಿ ಮೊದಲ ಕಂತಾಗಿಯೇ ಬಿಡುಗಡೆಯಾಯಿತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಪಿಎಂ ಇ-ಡ್ರೈವ್ ಯೋಜನೆಯ ಒಟ್ಟು ಗಾತ್ರ 10,900 ಕೋಟಿ. ಅದರಲ್ಲಿ 2,000 ಕೋಟಿ ಚಾರ್ಜಿಂಗ್ ಕೇಂದ್ರಗಳ ಪಾಲು. ನಾಲ್ಕು ಚಕ್ರದ ವಾಹನಗಳಿಗೆ 22,100, ಬಸ್ಸುಗಳಿಗೆ 1,800, ಎರಡು ಮತ್ತು ಮೂರು ಚಕ್ರದ ವಾಹನಗಳಿಗೆ 48,400 ಚಾರ್ಜರ್‌ಗಳನ್ನು ನಿಲ್ಲಿಸುವುದು ಗುರಿ.

ಈ ಅಂಕಿಗಳೆಲ್ಲ ಎಣಿಸುವುದು ಏನನ್ನು? ಮಂಜೂರಾದ ಯಂತ್ರಗಳನ್ನು, ನಿಲ್ಲಿಸಿದ ಯಂತ್ರಗಳನ್ನು. ಷರತ್ತುಗಳ ಪುಟಗಳಲ್ಲಿ ನಿರ್ವಹಣೆಯ ಮಾತೂ ಬರುತ್ತದೆ, ನಿಜ. ಆದರೆ ಹಣ ಹರಿಯುವುದು ಟ್ರಾನ್ಸ್‌ಫಾರ್ಮರ್, ಕೇಬಲ್, ಚಾರ್ಜರ್ ಎಂಬ ಬಂಡವಾಳ ವೆಚ್ಚಕ್ಕೆ. ಯಂತ್ರ ನಿಂತ ಮೇಲೆ ಅದು ಎಷ್ಟು ದಿನ ಕೆಲಸ ಮಾಡಿತು, ಎಷ್ಟು ಯೂನಿಟ್ ವಿದ್ಯುತ್ತನ್ನು ಯಾರ ಗಾಡಿಗೆ ತುಂಬಿತು ಎಂಬುದರ ಮೇಲೆ ಅನುದಾನದ ಹೆಚ್ಚಿನ ಭಾಗ ನಿಂತಿಲ್ಲ.

ಸರ್ಕಾರಿ ಕಚೇರಿಯ ಹೊರಗಿನವರಿಗೆ ಅಷ್ಟಾಗಿ ತಿಳಿಯದ ಒಂದು ಕಾಗದವನ್ನು ಇಲ್ಲಿ ಪರಿಚಯಿಸಬೇಕು. ಅದರ ಹೆಸರು ಬಳಕೆ ಪ್ರಮಾಣಪತ್ರ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಅದಕ್ಕೆ 12-ಎ ಎಂಬ ನಮೂನೆಯೇ ಇದೆ. ಅನುದಾನ ಪಡೆದ ಸಂಸ್ಥೆ, ಹಣವನ್ನು ಯಾವ ಉದ್ದೇಶಕ್ಕೆ ಕೊಡಲಾಗಿತ್ತೋ ಅದಕ್ಕೇ ಖರ್ಚು ಮಾಡಲಾಗಿದೆ ಎಂದು ಅದರಲ್ಲಿ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳುಹಿಸುತ್ತದೆ. ಅದು ಬಂದರೆ ಕಡತ ಮುಂದೆ ಸಾಗುತ್ತದೆ. ಬಾರದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ನಮ್ಮ ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಇಂಥ ಪತ್ರಗಳನ್ನು ನಾವು ಕೇಳಿ ತರಿಸಿದ್ದೇವೆ, ಪರಿಶೀಲಿಸಿದ್ದೇವೆ, ಸರಿಯಿದೆ ಎಂದು ಟಿಪ್ಪಣಿ ಬರೆದಿದ್ದೇವೆ. ಅವುಗಳಲ್ಲಿ ‘ಬಳಕೆ’ ಎಂದರೆ ಹಣದ ಬಳಕೆ, ವಸ್ತುವಿನ ಬಳಕೆಯಲ್ಲ. ಬಾವಿ ತೋಡಿದ ಖರ್ಚಿಗೆ ರಸೀದಿ ಇದ್ದರಾಯಿತು, ನೀರಿದೆಯೇ ಎಂದು ಕೊಡ ಇಳಿಸಿ ನೋಡುವ ಅಗತ್ಯವಿಲ್ಲ. ಈ ಸಣ್ಣ ಪದಭೇದದಲ್ಲಿ ಎಷ್ಟು ಸಾರ್ವಜನಿಕ ಹಣ ಇಂಗಿಹೋಗುತ್ತದೆ ಎಂಬುದನ್ನು ನಾವು ಕಂಡೂ ಸುಮ್ಮನಿದ್ದೆವು. ಆ ಮೌನದ ಪಾಲು ನಮ್ಮದೂ ಹೌದು.

ನಮ್ಮ ಹಿರಿಯರಿಗೆ ಈ ಭೇದ ತಿಳಿದಿತ್ತು. ಕನ್ನಡ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಒಡೆದದ್ದು, ಬಿರಿದದ್ದು, ಹಳತಾದದ್ದನ್ನು ಸರಿಪಡಿಸಲೆಂದು ದತ್ತಿಯಲ್ಲಿಯೇ ಪಾಲು ಇಡುವ ಮಾತು ಅದು. ಕೆರೆ ಕಟ್ಟಿಸಿದವನಿಗೆ ಪುಣ್ಯವೆಂದು ಹೇಳಿ ನಮ್ಮ ಅರಸರು ಕೈತೊಳೆದುಕೊಳ್ಳಲಿಲ್ಲ. ಆ ಕೆರೆ ಉಳಿಯುವಂತೆ ಬಿತ್ತುವಟ್ಟ, ಕೆರೆಗೊಡಗೆ ಎಂದು ಭೂಮಿಯನ್ನೂ ಆದಾಯವನ್ನೂ ಬಿಟ್ಟರು. ನಂದಾದೀವಿಗೆಗೆ ದತ್ತಿ ಬಿಟ್ಟವರು ದೀಪದ ಕಂಬವನ್ನು ಮಾತ್ರ ಕೊಡಲಿಲ್ಲ, ಎಣ್ಣೆ ಎಲ್ಲಿಂದ ಬರಬೇಕೆಂಬುದನ್ನೂ ಕಲ್ಲಿನ ಮೇಲೆ ಬರೆಸಿದರು. ದತ್ತಿಗೆ ಅಳಿಪಿದವನು 60,000 ವರ್ಷ ಹೊಲಸಿನ ಹುಳುವಾಗಿ ಹುಟ್ಟುತ್ತಾನೆಂಬ ಶಾಪವನ್ನು ಕೊನೆಗೆ ಸೇರಿಸಿದರು. ನಮ್ಮ 12-ಎ ನಮೂನೆಗೆ ಅಂಥ ಶಾಪವೂ ಇಲ್ಲ, ಎಣ್ಣೆಯೂ ಇಲ್ಲ. ಇಂಗ್ಲಿಷಿನ ‘ಗ್ರಾಂಟ್’ ಎಂಬ ಪದವೂ ನಂಬು, ನಂಬಿ ಒಪ್ಪಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ನಂಬಿ ಕೊಟ್ಟದ್ದನ್ನು ಕೊಟ್ಟ ಮೇಲೂ ನೋಡಿಕೊಳ್ಳಬೇಕೆಂಬ ಅರಿವು ಎರಡು ಭಾಷೆಗಳಲ್ಲಿಯೂ ಇತ್ತು, ಕಳೆದುಕೊಂಡವರು ನಾವು.

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ. ಅದು ಬಲವಾದದ್ದೇ. ಚಾರ್ಜಿಂಗ್ ಕೇಂದ್ರವಿಲ್ಲದೆ ಜನ ವಿದ್ಯುತ್ ವಾಹನ ಕೊಳ್ಳುವುದಿಲ್ಲ. ವಾಹನವಿಲ್ಲದೆ ಕೇಂದ್ರಕ್ಕೆ ಗಿರಾಕಿ ಇಲ್ಲ. ಮೊದಲ ವರ್ಷಗಳಲ್ಲಿ ನಷ್ಟ ಖಚಿತ. ಆದ್ದರಿಂದ ಮುಂಗಡ ಬಂಡವಾಳವನ್ನು ಸರ್ಕಾರವೇ ಹೊರಬೇಕು ಎಂಬುದು ಅವರ ವಾದ. ಒಪ್ಪಿದೆವು. ಆದರೆ ನಷ್ಟ ಎಲ್ಲಿ ಆಗುತ್ತದೆ ಎಂದು ಅವರೇ ನೋಡಲಿ. ಯಂತ್ರ ಕೊಳ್ಳುವಾಗ ಆಗುವ ಖರ್ಚು ಒಮ್ಮೆಯದು. ಗಿರಾಕಿ ಬರಲಿ ಬಾರದಿರಲಿ ತಿಂಗಳು ತಿಂಗಳೂ ಕಟ್ಟಬೇಕಾದ ವಿದ್ಯುತ್ ಸಂಪರ್ಕದ ನಿಗದಿತ ಶುಲ್ಕ, ಜಾಗದ ಬಾಡಿಗೆ, ದುರಸ್ತಿಗಾರನ ಸಂಬಳ, ಇವು ನಿರಂತರ. ಒಮ್ಮೆಯ ಖರ್ಚನ್ನು ಸರ್ಕಾರ ಹೊತ್ತು ನಿರಂತರದ್ದನ್ನು ಹೆಗಲ ಮೇಲೆ ಬಿಟ್ಟರೆ ಉದ್ಯಮಿ ಏನು ಮಾಡುತ್ತಾನೆ? ಅನುದಾನಕ್ಕೆ ಯಂತ್ರ ನಿಲ್ಲಿಸುತ್ತಾನೆ, ಕೆಟ್ಟಾಗ ಸುಮ್ಮನಾಗುತ್ತಾನೆ. ಇದು ಅವನ ದುಷ್ಟತನವಲ್ಲ. ನಾವು ಬರೆದ ನಿಯಮ ಅವನಿಗೆ ಕಲಿಸಿದ ಗಣಿತ.

ತೆರಿಗೆಯೂ ಇದೇ ಪಾಠವನ್ನು ಹೇಳುತ್ತದೆ. 2019ರ ಆಗಸ್ಟ್ 1ರಿಂದ ಚಾರ್ಜರ್ ಯಂತ್ರದ ಮೇಲಿನ ಜಿಎಸ್‌ಟಿಯನ್ನು ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು. ಆದರೆ ಆ ಯಂತ್ರದಿಂದ ಗಾಡಿಗೆ ಚಾರ್ಜ್ ಮಾಡುವ ಸೇವೆಗೆ ಶೇ. 18 ತೆರಿಗೆ. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಇದನ್ನೇ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಕೇಳಿದಾಗ 2023ರಲ್ಲಿ ಬಂದ ಉತ್ತರವೂ ಅದೇ. ಮನೆಯಲ್ಲಿ ಗ್ಯಾರೇಜು ಇದ್ದವನು ತನ್ನ ಮೀಟರಿನಿಂದ ಚಾರ್ಜ್ ಮಾಡಿಕೊಂಡರೆ ಈ ತೆರಿಗೆ ಇಲ್ಲ. ಮನೆಯ ಮುಂದೆ ಜಾಗವಿಲ್ಲದ ಆಟೋ ಚಾಲಕ ಸಾರ್ವಜನಿಕ ಕೇಂದ್ರಕ್ಕೆ ಬಂದರೆ ತೆರಬೇಕು. ಬಡವನಿಗಾಗಿ ನಿಲ್ಲಿಸಿದ ಕಂಬದ ಬುಡದಲ್ಲಿಯೇ ಬಡವನಿಂದ ಹೆಚ್ಚು ವಸೂಲಿ.

ಹೊರನಾಡಿನ ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ತವರಿನ ಹೆಮ್ಮೆಯೂ ಉಂಟು. ರೇವಾ ಕಾರು ಬೆಂಗಳೂರಿನಲ್ಲಿ ರಸ್ತೆಗಿಳಿದದ್ದು 2001ರಲ್ಲಿ. ವಿದ್ಯುತ್ ವಾಹನಗಳಿಗೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದದ್ದು ಕರ್ನಾಟಕ, 2017ರಲ್ಲಿ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ನಮ್ಮ ರಾಜ್ಯವೇ ಮುಂದು, ಐದು ಸಾವಿರ ದಾಟಿದೆ. ಸಭೆಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಪಡೆಯುವುದು ಸುಲಭ. ಆದರೆ ಇದೂ ಕಂಬಗಳ ಎಣಿಕೆಯೇ ಅಲ್ಲವೇ? ಹೆಮ್ಮೆಪಡುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಾವು ತೆಲಂಗಾಣಕ್ಕೆ ಕೇಳಿದಷ್ಟೇ ನಿಷ್ಠುರವಾಗಿ ಕರ್ನಾಟಕಕ್ಕೂ ಕೇಳಬೇಕು.

ಈಗ ಮತ್ತೆ ಕೋಠಿಗೆ ಬರೋಣ. ಇಲ್ಲಿ ಜಾಗವೇ ಇಲ್ಲ ಎನ್ನುತ್ತಾರೆ. ಸುಲ್ತಾನ್ ಬಜಾರಿನ ಗಲ್ಲಿಗಳನ್ನು ಕಂಡವರಿಗೆ ಅದು ನಿಜವೆಂದೇ ತೋರುತ್ತದೆ. ಆದರೆ ಕಣ್ಣೆತ್ತಿ ನೋಡಿ. ಹಳೆಯ ಬ್ರಿಟಿಷ್ ರೆಸಿಡೆನ್ಸಿಯ ವಿಶಾಲ ಆವರಣದಲ್ಲಿರುವ ಮಹಿಳಾ ವಿಶ್ವವಿದ್ಯಾಲಯ, ಉಸ್ಮಾನಿಯಾ ವೈದ್ಯಕೀಯ ಕಾಲೇಜು, ಸರ್ಕಾರಿ ಆಸ್ಪತ್ರೆಗಳು, ಬ್ಯಾಂಕುಗಳು, ಮೆಟ್ರೊ ನಿಲ್ದಾಣಗಳು. ಕೋಠಿಯಷ್ಟು ಸಾರ್ವಜನಿಕ ಆವರಣಗಳಿರುವ ಪೇಟೆ ಹೈದರಾಬಾದಿನಲ್ಲಿ ಬೇರೆ ಎಷ್ಟಿವೆ? ಪಿಎಂ ಇ-ಡ್ರೈವ್‌ನ 2025ರ ಮಾರ್ಗಸೂಚಿಯಂತೆ, ಸರ್ಕಾರಿ ಆವರಣದಲ್ಲಿ ಸಾರ್ವಜನಿಕರಿಗೆ ಮುಕ್ತ ಪ್ರವೇಶವಿಟ್ಟು ಕೇಂದ್ರ ತೆರೆದರೆ ಶೇ. 100ರಷ್ಟು ಸಹಾಯಧನ ದೊರೆಯುತ್ತದೆ. ಹಣ ಇದೆ, ನೆಲ ಇದೆ. ಇಲ್ಲದಿರುವುದು ಮುಕ್ತ ಪ್ರವೇಶ. ಸಂಜೆ ಆರಕ್ಕೆ ನಮ್ಮ ಕಚೇರಿಗಳ ಗೇಟಿಗೆ ಬೀಗ ಬೀಳುತ್ತದೆ. ಆಟೋ ಚಾಲಕನ ಚಾರ್ಜಿಂಗ್ ಆರಂಭವಾಗಬೇಕಾದದ್ದು ಆಗಲೇ. ರಾತ್ರಿಯಿಡೀ ಖಾಲಿ ಬಿದ್ದಿರುವ ಅಂಗಳಗಳ ಕೀಲಿಕೈ ಇರುವುದು ನಮ್ಮಂಥವರ ಕೈಯಲ್ಲಿ. ಭದ್ರತೆ ಎಂಬ ಒಂದು ಪದವನ್ನು ಟಿಪ್ಪಣಿಯಲ್ಲಿ ಬರೆದು ಎಷ್ಟೋ ಪ್ರಸ್ತಾವಗಳನ್ನು ನಾವು ಹಿಂದಕ್ಕೆ ಕಳುಹಿಸಬಲ್ಲೆವು.

ಅಲ್ಲಿ ಬೇಕಾದದ್ದು ದೊಡ್ಡ ಯಂತ್ರವೂ ಅಲ್ಲ. ಕಾರಿಗಾಗಿ ನಿಲ್ಲಿಸುವ 60 ಕಿಲೋವ್ಯಾಟ್‌ನ ಒಂದು ವೇಗದ ಚಾರ್ಜರ್ ಬೇಡುವಷ್ಟು ವಿದ್ಯುತ್ತಿನಲ್ಲಿ, ತಲಾ 3.3 ಕಿಲೋವ್ಯಾಟ್‌ನಂತೆ 18 ಸಾಕೆಟ್‌ಗಳನ್ನು ನಡೆಸಬಹುದು. ಒಂದು ರಾತ್ರಿಗೆ 18 ಆಟೋಗಳು ನಿಂತು ಬೆಳಗ್ಗೆ ತುಂಬಿದ ಬ್ಯಾಟರಿಯೊಂದಿಗೆ ಹೊರಡಬಹುದು. ಅಂಥ ಸಾಕೆಟ್ಟಿನಲ್ಲಿ ಕೆಡುವುದಕ್ಕೂ ಹೆಚ್ಚೇನಿಲ್ಲ. ದೊಡ್ಡ ಯಂತ್ರ ಹಳತಾಗುವ ಅಪಾಯವನ್ನು ನಾವು ಒಮ್ಮೆ ಕಂಡಿದ್ದೇವೆ: ಆರಂಭದ ವರ್ಷಗಳಲ್ಲಿ ಭಾರತ್ ಡಿಸಿ-001 ಮಾದರಿಯ ಚಾರ್ಜರ್‌ಗಳನ್ನು ನಿಲ್ಲಿಸಲಾಯಿತು; ಅಷ್ಟರಲ್ಲಿ ಕಾರುಗಳು ಬೇರೆ ಮಾದರಿಯ ಪ್ಲಗ್ಗಿಗೆ ಹೊರಳಿದವು.

ಹಾಗಾದರೆ ನಾವು ಕೇಳುವುದೇನು? ಒಂದು, ಅನುದಾನದ ಅರ್ಧವನ್ನಷ್ಟೇ ಯಂತ್ರ ನಿಲ್ಲಿಸುವಾಗ ಕೊಟ್ಟು, ಉಳಿದರ್ಧವನ್ನು ಐದು ವರ್ಷಗಳಲ್ಲಿ ಹಂಚಿ, ಕೇಂದ್ರ ವಾಹನಗಳಿಗೆ ತುಂಬಿದ ಯೂನಿಟ್‌ಗಳ ಮೇಲೆ ಕೊಡಲಿ. ಸುಳ್ಳು ಲೆಕ್ಕ ಬರುತ್ತದೆ ಎಂಬ ಭಯ ಬೇಡ. ವಿದ್ಯುತ್ ಕಂಪನಿಯ ಮೀಟರು ನಮ್ಮ ಪ್ರಮಾಣಪತ್ರಕ್ಕಿಂತ ಹೆಚ್ಚು ಸತ್ಯವಂತ. ಎರಡು, ಚಾರ್ಜಿಂಗ್ ಸೇವೆಯ ತೆರಿಗೆಯನ್ನು ಯಂತ್ರದ ತೆರಿಗೆಯ ಮಟ್ಟಕ್ಕೆ ಇಳಿಸಲಿ. ಮೂರು, ಸರ್ಕಾರಿ ಆವರಣಗಳು ರಾತ್ರಿ ಎರಡು ಮತ್ತು ಮೂರು ಚಕ್ರದ ವಾಹನಗಳಿಗೆ ತೆರೆಯಲಿ.

ಸುಲ್ತಾನ್ ಬಜಾರಿನಲ್ಲಿ ನಮ್ಮ ಕೃಷ್ಣದೇವರಾಯನ ಹೆಸರು ಹೊತ್ತ ತೆಲುಗು ಗ್ರಂಥಾಲಯವೊಂದಿದೆ, 1901ರಲ್ಲಿ ಆರಂಭವಾದದ್ದು. ಶತಮಾನ ದಾಟಿಯೂ ಅದು ಬಾಳಿರುವುದು ಕಟ್ಟಡವನ್ನು ಒಮ್ಮೆ ಕಟ್ಟಿದ್ದರಿಂದಲ್ಲ, ಬಾಗಿಲನ್ನು ದಿನವೂ ತೆರೆದದ್ದರಿಂದ.

ಪುಣೆ, ಮುಂಬಯಿ, ದೆಹಲಿ, ಚೆನ್ನೈಗಳಲ್ಲಿರುವ ಓದುಗರಲ್ಲಿ ನಮ್ಮದೊಂದು ಕೋರಿಕೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ನಿಮ್ಮ ನಗರದಲ್ಲಿ ಎಷ್ಟು ಚಾರ್ಜಿಂಗ್ ಕೇಂದ್ರಗಳಿವೆ ಎಂದು ಕೇಳಬೇಡಿ. ಆ ಸಂಖ್ಯೆ ಸಿದ್ಧವಾಗಿಯೇ ಇರುತ್ತದೆ. ಅನುದಾನ ಪಡೆದ ಪ್ರತಿಯೊಂದು ಕೇಂದ್ರ ಕಳೆದ ತಿಂಗಳು ಎಷ್ಟು ದಿನ ನಡೆಯಿತು, ಎಷ್ಟು ಯೂನಿಟ್ ಕೊಟ್ಟಿತು ಎಂದು ಕೇಳಿ. ಉತ್ತರ ಬರೆಯುವ ಮೇಜಿನ ಆಚೆ ನಮ್ಮಂಥ ಗುಮಾಸ್ತನೊಬ್ಬ ಕುಳಿತಿರುತ್ತಾನೆ. ಆ ಪ್ರಶ್ನೆ ಬಂದ ದಿನವಾದರೂ ಅವನು ಎದ್ದು ಹೋಗಿ, ಬೋರ್ಡಿನ ಹಿಂದೆ ಕರೆಂಟು ಇದೆಯೇ ಎಂದು ನೋಡಬೇಕಾಗುತ್ತದೆ.